ಡಿಗ್ರಿ ಆಚೆ, ಭಾಗ 5: ಮಿಲಿಟರಿ ನರ್ಸಾ, ಕಾಂಬ್ಯಾಟ್ ಮೆಡಿಕ್ಕಾ?

ಈ ಪೋಸ್ಟ್ ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಎಸೆಸೆಲ್ಸಿ ಮುಗಿಸಿ ಪಿಯುಸಿ ಕಾಂಬಿನೇಷನ್ ಹುಡುಕ್ತಿರೋ ತಮ್ಮ ತಂಗಿಯರಿಗೆ. ಬಿಕಾಂ ಬ್ಯಾಚ್‌ನವರೇ, ಕಾಮರ್ಸ್ ಓದಿದವರಿಗೆ ಈ ಎರಡು ಬಾಗಿಲೂ ತೆರೆಯಲ್ಲ. ಆದ್ರೂ ಓದಿ, ಮನೆಯಲ್ಲಿರೋ ಚಿಕ್ಕವರಿಗೆ ಕಳಿಸಿ. 🙏

👉 1. ರೀಲ್ಸ್ ನೋಡಿ ಮೋಸ ಹೋಗ್ಬೇಡಿ

ನೀವು ನೋಡೋ "ಕಾಂಬ್ಯಾಟ್ ಮೆಡಿಕ್" ವಿಡಿಯೋಗಳಲ್ಲಿ ಹೆಚ್ಚಿನವು ಅಮೆರಿಕದ್ದು. ಅಲ್ಲಿ 68ಡಬ್ಲ್ಯೂ ಅಂದ್ರೆ ಕಾಂಬ್ಯಾಟ್ ಮೆಡಿಕ್, 68ಸಿ ಅಂದ್ರೆ ಪ್ರಾಕ್ಟಿಕಲ್ ನರ್ಸ್. ಇಬ್ಬರೂ ಸೈನಿಕರೇ. ಹುಡುಗ, ಹುಡುಗಿ ಯಾರು ಬೇಕಾದ್ರೂ ಯಾವುದನ್ನ ಬೇಕಾದ್ರೂ ಆರಿಸ್ಕೋಬಹುದು. ನಮ್ಮ ದೇಶದಲ್ಲಿ ಆ ಆಯ್ಕೆ ಇಲ್ಲ. ಇಲ್ಲಿ ಹುಡುಗೀರಿಗೆ ಮಿಲಿಟರಿ ನರ್ಸಿಂಗ್ ಸರ್ವಿಸ್, ಹುಡುಗರಿಗೆ ಸೋಲ್ಜರ್ ಟೆಕ್ನಿಕಲ್ ನರ್ಸಿಂಗ್ ಅಸಿಸ್ಟೆಂಟ್. ಹುಡುಗ ಎಷ್ಟೇ ಒಳ್ಳೆ ನರ್ಸ್ ಆದ್ರೂ ಮೊದಲನೇದಕ್ಕೆ ಅರ್ಜಿ ಹಾಕೋ ಹಾಗಿಲ್ಲ. ಹುಡುಗಿಗೆ ಎಷ್ಟೇ ಧೈರ್ಯ ಇದ್ರೂ ಎರಡನೇದು ಸಿಗಲ್ಲ. ಇದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ.

👉 2. ಲೆಕ್ಕ ನೋಡೋಣ

ಎಷ್ಟಾದ್ರೂ ಬಿಕಾಂ ಅಲ್ವಾ? 😄

ಮಿಲಿಟರಿ ನರ್ಸಿಂಗ್: ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಬೇಕು. 2022ರಿಂದ ನೀಟ್ ಅಂಕವೂ ಬೇಕು. ಆಮೇಲೆ ಒಂದು ಸಣ್ಣ ಟೆಸ್ಟ್, ಸಂದರ್ಶನ, ಮೆಡಿಕಲ್. ದೇಶದಲ್ಲಿ ಆರು ಕಾಲೇಜು, ಒಟ್ಟು 220 ಸೀಟು. ಒಂದು ಕಾಲೇಜು ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆಯಲ್ಲೇ ಇದೆ. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಖರ್ಚು ಸೈನ್ಯದ್ದು, ಬದಲಿಗೆ ಬಾಂಡ್ ಬರೆದುಕೊಡಬೇಕು. ಮುಗಿಸಿದ್ರೆ ನೇರ ಲೆಫ್ಟಿನೆಂಟ್.

ನರ್ಸಿಂಗ್ ಅಸಿಸ್ಟೆಂಟ್: ಸಬ್ಜೆಕ್ಟ್ ಅವೇ. ಒಟ್ಟು 50%, ಪ್ರತಿ ವಿಷಯದಲ್ಲಿ 40%. ಆನ್‌ಲೈನ್ ಪರೀಕ್ಷೆ, ಆಮೇಲೆ ರ‍್ಯಾಲಿಯಲ್ಲಿ 1.6 ಕಿ.ಮೀ. ಓಟ. ಇದು ಅಗ್ನಿವೀರ್ ಥರ ನಾಲ್ಕು ವರ್ಷದ್ದಲ್ಲ, ರೆಗ್ಯುಲರ್ ಹುದ್ದೆ. ತರಬೇತಿ ಲಕ್ನೋದ ಆರ್ಮಿ ಮೆಡಿಕಲ್ ಕೋರ್ ಕೇಂದ್ರದಲ್ಲಿ. ಸೇರೋದು ಸಿಪಾಯಿಯಾಗಿ.

7ನೇ ವೇತನ ಆಯೋಗದ ಪ್ರಕಾರ ಲೆಫ್ಟಿನೆಂಟ್‌ಗೆ ಮೂಲ ವೇತನ 56,100 ರೂಪಾಯಿ, ಸಿಪಾಯಿಗೆ 21,700. ಅದರ ಮೇಲೆ ಮಿಲಿಟರಿ ಸರ್ವಿಸ್ ಪೇ ನರ್ಸಿಂಗ್ ಅಧಿಕಾರಿಗೆ 10,800, ಸಿಪಾಯಿಗೆ 5,200.

👉 3. ಹಾಗಂತ ಸಿಪಾಯಿ ಕೆಲಸ ಸಣ್ಣದಲ್ಲ

2020ರ ಜೂನ್ 15ರ ರಾತ್ರಿ, ಗಲ್ವಾನ್ ಕಣಿವೆ. 16 ಬಿಹಾರ್ ರೆಜಿಮೆಂಟ್ ಜೊತೆಗಿದ್ದ ನರ್ಸಿಂಗ್ ಅಸಿಸ್ಟೆಂಟ್ ನಾಯಕ್ ದೀಪಕ್ ಸಿಂಗ್ ತಾವೇ ಗಾಯಗೊಂಡಿದ್ರೂ 30ಕ್ಕೂ ಹೆಚ್ಚು ಸೈನಿಕರಿಗೆ ಚಿಕಿತ್ಸೆ ಕೊಟ್ಟು ಪ್ರಾಣ ಬಿಟ್ರು. ಮರಣೋತ್ತರ ವೀರಚಕ್ರ ಬಂತು. ಡಾಕ್ಟರ್ ಬರೋವರೆಗೆ ರಕ್ತ ನಿಲ್ಲಿಸೋ ಕೈ ಇಂಥವರದ್ದು. ಆಸ್ಪತ್ರೆಗೆ ಬಂದ ಮೇಲೆ ವಾರಗಟ್ಟಲೆ ಆ ಜೀವ ಕಾಯೋದು ನರ್ಸಿಂಗ್ ಅಧಿಕಾರಿ. ಒಂದು ಧೈರ್ಯದ ಕೆಲಸ, ಇನ್ನೊಂದು ಮೆತ್ತನೆ ಕೆಲಸ ಅನ್ನೋರ ಮಾತಿಗೆ ಕಿವಿ ಕೊಡ್ಬೇಡಿ.

👉 4. ನನ್ನ ಮಾತು ಇಷ್ಟೇ

ಯೂನಿಫಾರ್ಮ್ ಬಿಚ್ಚಿದ ದಿನ ಕೈಯಲ್ಲಿ ಏನು ಉಳಿಯುತ್ತೆ ಅಂತ ಕೇಳಿ. ನರ್ಸಿಂಗ್ ಅಧಿಕಾರಿ ಕೈಯಲ್ಲಿ ಬಿಎಸ್ಸಿ ಡಿಗ್ರಿ ಇರುತ್ತೆ, ಯಾವ ಆಸ್ಪತ್ರೆಗಾದ್ರೂ ಹೋಗಬಹುದು. ನರ್ಸಿಂಗ್ ಅಸಿಸ್ಟೆಂಟ್‌ಗೆ 15 ವರ್ಷ ಸರ್ವಿಸ್ ಆದ್ರೆ ಪೆನ್ಶನ್ ಸಿಗುತ್ತೆ, ಆದ್ರೆ ಆಗ ವಯಸ್ಸು ಇನ್ನೂ 35ರ ಆಸುಪಾಸು. ಹೊರಗೆ ಸ್ಟಾಫ್ ನರ್ಸ್ ಆಗ್ಬೇಕಂದ್ರೆ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮಾಡಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆಗಿರಬೇಕು. ಗಡಿಯಲ್ಲಿ ಜೀವ ಉಳಿಸಿದ ಅನುಭವವೊಂದೇ ಸಾಲಲ್ಲ. ಅದಕ್ಕೇ ಬೆಳಿಗ್ಗೆ ಐದಕ್ಕೆ ಎದ್ದು ಮೈದಾನದಲ್ಲಿ ಓಡೋ ತಮ್ಮಂದಿರಾ, ಓಡಿ. ಜೊತೆಗೆ, ಸರ್ವಿಸ್‌ನಲ್ಲಿದ್ದಾಗ ಮುಂದಿನ ಓದಿಗೆ ಏನು ದಾರಿ ಇದೆ ಅಂತ ಮೊದಲ ದಿನದಿಂದಲೇ ವಿಚಾರಿಸಿ.

ತಂಗಿಯರೇ, ಈರುಳ್ಳಿ ರೇಟು ಒಂದು ವರ್ಷ ಕೈ ಕೊಟ್ರೆ ಖಾಸಗಿ ನರ್ಸಿಂಗ್ ಕಾಲೇಜಿನ ಫೀಸ್ ಕನಸಾಗುತ್ತೆ ಅನ್ನೋದು ಅಜ್ಜಂಪುರದವರಿಗೆ ಹೇಳಿಕೊಡ್ಬೇಕಾಗಿಲ್ಲ. ಖರ್ಚಿಲ್ಲದ ಆ 220 ಸೀಟಲ್ಲಿ ಒಂದು ನಮ್ಮ ಕಡೆಗೆ ಯಾಕೆ ಬರಬಾರದು? ಮನೆಯಲ್ಲಿ "ಮಿಲಿಟರಿಗೆ ಹೋದ್ರೆ ಮದುವೆ ಹೆಂಗೆ" ಅಂದ್ರೆ ಇದನ್ನ ಹೇಳಿ: ಮದುವೆಯಾದ ಕಾರಣಕ್ಕೆ 1988ರಲ್ಲಿ ಕೆಲಸದಿಂದ ತೆಗೆದ ಮಿಲಿಟರಿ ನರ್ಸ್ ಸೆಲಿನಾ ಜಾನ್ ಅವರಿಗೆ 60 ಲಕ್ಷ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಆದೇಶ ಮಾಡ್ತು. ಆ ನಿಯಮವನ್ನ 1995ರಲ್ಲೇ ತೆಗೆದುಹಾಕಿದ್ರು. ಓದೋಕೆ ಸೇರುವಾಗ ಮದುವೆ ಆಗಿರಬಾರದು, ಆದ್ರೆ ಕೆಲಸಕ್ಕೆ ಸೇರಿದ ಮೇಲೆ ಮದುವೆ ಆದ್ರೆ ಅಂತ ಮನೆಗೆ ಕಳಿಸೋ ಕಾಲ ಹೋಯ್ತು.

👉 5. ಈ ವಾರ ಮಾಡ್ಬೇಕಾದ್ದು

ಕಾಂಬಿನೇಷನ್ ಫಾರಂ ತುಂಬೋ ಮುಂಚೆ ಬಯಾಲಜಿ ಇದೆಯಾ ನೋಡಿ. ಪಿಸಿಎಂಸಿ ತಗೊಂಡ್ರೆ ಎರಡೂ ದಾರಿ ಅಲ್ಲಿಗೇ ಬಂದ್. "ಫ್ರೆಂಡ್ ಅದೇ ತಗೊಂಡ", "ಆ ಕಾಲೇಜಿಗೆ ಬಸ್ ಸರಿಯಾಗಿದೆ" ಅನ್ನೋ ಕಾರಣಕ್ಕೆ ಮುಂದಿನ ಇಪ್ಪತ್ತು ವರ್ಷ ತೀರ್ಮಾನ ಆಗೋದು ಬೇಡ. ನೋಟಿಫಿಕೇಶನ್‌ಗೆ ಜಾಯಿನ್ ಇಂಡಿಯನ್ ಆರ್ಮಿ ವೆಬ್‌ಸೈಟ್ ಒಂದನ್ನೇ ನಂಬಿ. ದುಡ್ಡು ಕೊಟ್ರೆ ಸೀಟ್ ಮಾಡಿಸ್ತೀನಿ ಅನ್ನೋ ಅಣ್ಣಂದಿರಿಂದ ದೂರ ಇರಿ.

ಹುಡುಗರಿಗೂ ನರ್ಸಿಂಗ್ ಅಧಿಕಾರಿ ಹುದ್ದೆ ಸಿಗಬೇಕಾ? ಹುಡುಗೀರಿಗೂ ಗಡಿಯ ಮೆಡಿಕ್ ಕೆಲಸ ಸಿಗಬೇಕಾ? ಎರಡಕ್ಕೂ ಹೌದು ಅಂತೀನಿ ನಾನು. ಇಲ್ಲ ಅನ್ನೋರು ಕಾರಣ ಸಮೇತ ಕಾಮೆಂಟ್ ಹಾಕಿ, ಜಗಳ ಆಡೋಣ. 😌

#ಡಿಗ್ರಿಆಚೆ #ಕಡೂರು #ತರೀಕೆರೆ #ಅಜ್ಜಂಪುರ #ಪಿಯುಸಿನಂತರ