ದಂಡ ಕಟ್ಟಿದ್ದು ಪಾರ್ಕಿಂಗ್‌ಗೆ, ಮುರಿದ ಬಂಪರ್‌ಗಲ್ಲ

ಟೋಯಿಂಗ್ ವಿಷಯ ಬಂದರೆ ನಮ್ಮವರ ಬಾಯಲ್ಲಿ ಒಂದೇ ಮಾತು: ‘ಹೋಗ್ಲಿ ಬಿಡ್ರಿ, ಗಾಡಿ ಸಿಕ್ತಲ್ಲ.’ ಪರವೂರು, ಕೆಎ ನಂಬರ್ ಪ್ಲೇಟು, ಅರೆಬರೆ ಮರಾಠಿ, ಮೇಲೆ ಆಫೀಸಿಗೆ ಹೊತ್ತಾದ ಚಿಂತೆ. ದಂಡ ಕಟ್ಟಿ, ಒಡೆದ ಇಂಡಿಕೇಟರ್ ಸಮೇತ ಮನೆಗೆ ಬರುತ್ತೇವೆ. ಈ ‘ಹೋಗ್ಲಿ ಬಿಡ್ರಿ’ಯೇ ಟೋಯಿಂಗ್ ಗುತ್ತಿಗೆದಾರರಿಗೆ ದೊಡ್ಡ ರಕ್ಷಣೆ. ಎಲ್ಲೋ ಗಾಡಿ ನಿಲ್ಲಿಸಿದ್ದಕ್ಕೆ ದಂಡ ಒಂದು ಲೆಕ್ಕ, ಎತ್ತುವಾಗ ಆದ ಹಾನಿ ಇನ್ನೊಂದು ಲೆಕ್ಕ. ಮೊದಲನೆಯದನ್ನು ಕಟ್ಟಿದ ಮಾತ್ರಕ್ಕೆ ಎರಡನೆಯದು ಮನ್ನಾ ಆಗುವುದಿಲ್ಲ.

ಕಳೆದ ಗಣೇಶೋತ್ಸವದ ಹೊತ್ತಿಗೆ ಪುಣೆಯ ನಮ್ಮ ಬೀದಿಯಲ್ಲಿ ರಾತ್ರಿ ಇಲ್ಲದ ‘ನೋ ಪಾರ್ಕಿಂಗ್’ ಬೋರ್ಡು ಬೆಳಿಗ್ಗೆ ಬಂದಿತ್ತು. ನನ್ನ ಕಾರು ಯಾರ್ಡ್ ಸೇರಿತ್ತು. ಮೆರವಣಿಗೆಗೆ ರಸ್ತೆ ಬೇಕು, ಒಪ್ಪೋಣ ಎಂದು ದಂಡ ಕಟ್ಟಿದೆ. ಆದರೆ ಕಾರಿನ ಮುಂದಿನ ಬಂಪರ್ ಸೀಳಿ ಜೋತಾಡುತ್ತಿತ್ತು. ಹಿಂದಿನ ಎರಡೂ ಟೈರುಗಳು ಒಂದೊಂದು ಕಡೆ ಮಾತ್ರ ನುಣ್ಣಗೆ ಸವೆದಿದ್ದವು. ಹ್ಯಾಂಡ್‌ಬ್ರೇಕ್ ಹಾಕಿದ ಕಾರನ್ನು ಮುಂಭಾಗದಿಂದ ಎತ್ತಿ ಎಳೆದರೆ ಹಿಂದಿನ ಚಕ್ರ ತಿರುಗದೆ ರಸ್ತೆಗೆ ಉಜ್ಜಿಕೊಂಡೇ ಹೋಗುತ್ತದೆ. ಟೈರುಗಳೇ ಸಾಕ್ಷಿ ಹೇಳುತ್ತಿದ್ದವು. ಆದರೂ ಅಲ್ಲಿದ್ದ ಹುಡುಗ ‘ಆಧೀಪಾಸೂನಚ್ ಹೋತಂ’ ಎಂದ. ಮೊದಲಿನಿಂದಲೂ ಹಾಗೇ ಇತ್ತಂತೆ!

ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆ 1988ರ 127ನೇ ಕಲಂ ಪ್ರಕಾರ, ನಿಷೇಧಿತ ಜಾಗದಲ್ಲಿ ನಿಂತ ವಾಹನವನ್ನು ಎತ್ತಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮತಿ ಕೊಡಬಹುದು. ಎಳೆದ ವೆಚ್ಚ ಮಾಲೀಕನದು. ಎಳೆದ ವೆಚ್ಚ ಮಾತ್ರ, ಮುರಿದದ್ದರ ವೆಚ್ಚವಲ್ಲ. ಭಾರತೀಯ ಕರಾರು ಕಾಯ್ದೆ 1872ರ 151ನೇ ಕಲಂ, ಇನ್ನೊಬ್ಬರ ಸೊತ್ತು ಕೈಯಲ್ಲಿ ಇಟ್ಟುಕೊಂಡವನು ಅದನ್ನು ವಿವೇಕಿಯೊಬ್ಬ ತನ್ನ ಸ್ವಂತ ಸೊತ್ತನ್ನು ನೋಡಿಕೊಳ್ಳುವಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕು ಎನ್ನುತ್ತದೆ. ಸರ್ಕಾರಕ್ಕೂ ಈ ಹೊಣೆ ತಪ್ಪಿದ್ದಲ್ಲ. ಗುಜರಾತಿನ ಜುನಾಗಢದಲ್ಲಿ ಕಸ್ಟಮ್ಸ್‌ನವರು ವಶಪಡಿಸಿಕೊಂಡ ಟ್ರಕ್‌ಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲೇ ಇದನ್ನು ಹೇಳಿದೆ. ನಮ್ಮ ನಾಡಿನದೇ ಇನ್ನೊಂದು ಪ್ರಕರಣವಿದೆ. ಬಸವ್ವ ಎಂಬುವರ ಕಳವಾದ ಒಡವೆಗಳನ್ನು ಪೊಲೀಸರು ಪತ್ತೆ ಹಚ್ಚಿದರು. ಆದರೆ ಅವು ಪೊಲೀಸರ ವಶದಲ್ಲೇ ನಾಪತ್ತೆಯಾದವು. ಅವುಗಳ ಬೆಲೆಯನ್ನು ಸರ್ಕಾರ ಕೊಡಬೇಕು ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಹಕ್ಕು ಇದ್ದರೆ ಸಾಲದು, ಪುರಾವೆಯೂ ಬೇಕು. ಅದು ಸಿಗುವುದು ಯಾರ್ಡಿನೊಳಗೆ ಇರುವಷ್ಟು ಹೊತ್ತು ಮಾತ್ರ. ಕಾರು ಗೇಟು ದಾಟಿದ ಮೇಲೆ ‘ಹೊರಗೆ ಎಲ್ಲಿ ಗುದ್ದಿದಿರೋ’ ಎನ್ನುತ್ತಾರೆ. ಹಾಗಾಗಿ ನಾನು ಇಂಜಿನ್ ಶುರು ಮಾಡುವ ಮೊದಲೇ ಯಾರ್ಡಿನ ಬೋರ್ಡು ಕಾಣುವಂತೆ ಫೋಟೊ ತೆಗೆದೆ. ರಸೀದಿ ಮೇಲೆ ಹಾನಿಯನ್ನು ಬರೆದುಕೊಡಿ ಎಂದು ಕೇಳಿದೆ. ಒಪ್ಪಲಿಲ್ಲ. ಅಲ್ಲೇ ಹಿಂದಿಯಲ್ಲಿ ಅರ್ಜಿ ಬರೆದು, ನಕಲಿನ ಮೇಲೆ ಸೀಲು ಹಾಕಿಸಿಕೊಂಡೆ. ನಮ್ಮ ಸೊಸೈಟಿ ಗೇಟಿನ ಸಿಸಿಟಿವಿಯಲ್ಲಿ ಹಿಂದಿನ ದಿನ ಬಂಪರ್ ಸರಿಯಿದ್ದದ್ದು ಸಿಕ್ಕಿತು. ಇವೆಲ್ಲವನ್ನೂ ವರ್ಕ್‌ಶಾಪಿನ ಅಂದಾಜು ಪಟ್ಟಿಯ ಜೊತೆ ಸಂಚಾರ ಪೊಲೀಸರಿಗೂ ಗುತ್ತಿಗೆದಾರನಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆ. ಎರಡು ತಿಂಗಳು, ಮೂರು ಓಡಾಟ. ಬಂಪರ್ ಖರ್ಚು ಬಂತು, ಟೈರಿನದು ಬರಲಿಲ್ಲ. ಅರ್ಧ ಗೆಲುವು ಅನ್ನಿ.

‘ಇಷ್ಟೆಲ್ಲ ಯಾಕೆ, ಇನ್ಶೂರೆನ್ಸ್ ಇದೆಯಲ್ಲ’ ಎನ್ನುವವರಿದ್ದಾರೆ. ಆದರೆ ಕ್ಲೇಮ್ ಇಲ್ಲದೆ ಐದು ವರ್ಷ ಕಳೆದರೆ ಸ್ವಂತ ಹಾನಿ ಪ್ರೀಮಿಯಂ ಮೇಲೆ ಶೇ 50ರ ನೋ ಕ್ಲೇಮ್ ಬೋನಸ್ ಸಿಗುತ್ತದೆ. ಒಂದು ಬಂಪರ್‌ಗಾಗಿ ಕ್ಲೇಮ್ ಮಾಡಿದರೆ ಅದು ಸಾಮಾನ್ಯವಾಗಿ ಸೊನ್ನೆಗೆ ಇಳಿಯುತ್ತದೆ. ಬೇರೆಯವರ ಅಜಾಗರೂಕತೆಗೆ ನಮ್ಮ ಬೋನಸ್ ಯಾಕೆ ಕೊಡಬೇಕು?

ದಾರಿಯಲ್ಲಿ ಕೆಟ್ಟು ನಿಂತಾಗ ನಾವೇ ದುಡ್ಡು ಕೊಟ್ಟು ಕರೆಸಿದ ಟೋಯಿಂಗ್ ಗಾಡಿಯಿಂದ ಹಾನಿಯಾದರೆ ದಾರಿ ಇನ್ನೂ ಸುಲಭ. ಪೊಲೀಸ್ ಟೋಯಿಂಗ್‌ನಲ್ಲಿ ‘ನೀವು ಗ್ರಾಹಕರೇ ಅಲ್ಲ’ ಎಂಬ ತಕರಾರು ಬರಬಹುದು. ಇಲ್ಲಿ ಅದಕ್ಕೆ ಆಸ್ಪದವಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನಾವು ವಾಸಿಸುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡಬಹುದು. ಕಾರು ಕೆಟ್ಟದ್ದು ಸೊಲ್ಲಾಪುರದಲ್ಲಾದರೂ ದೂರು ಪುಣೆಯಲ್ಲೇ ಆಗುತ್ತದೆ. ಗಡುವು ಎರಡು ವರ್ಷ. ಸೇವೆಗೆ ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಮೊದಲ ಹೆಜ್ಜೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇದೆಲ್ಲ ಒಬ್ಬೊಬ್ಬರ ಹೋರಾಟವಾಗಿಯೇ ಉಳಿಯಬಾರದು. ದಂಡ ಹಾಕಲು ನಂಬರ್ ಪ್ಲೇಟಿನ ಫೋಟೊ ತೆಗೆಯುವ ಯಂತ್ರಕ್ಕೆ, ಎತ್ತುವ ಮೊದಲು ಗಾಡಿಯ ನಾಲ್ಕೂ ಬದಿಯ ಫೋಟೊ ತೆಗೆಯುವುದು ಕಷ್ಟವೇ? ರಸೀದಿಯಲ್ಲಿ ವಾಹನದ ಸ್ಥಿತಿ ಬರೆಯಲು ಒಂದು ಸಾಲು ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಪ್ರಾಮಾಣಿಕ ಗುತ್ತಿಗೆದಾರನಿಗೂ ಅದು ರಕ್ಷಣೆ. ಜನ ಗಟ್ಟಿಯಾಗಿ ಕೇಳಿದರೆ ವ್ಯವಸ್ಥೆ ಅಲುಗಾಡುತ್ತದೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಟೋಯಿಂಗ್ ಸಿಬ್ಬಂದಿಯ ವರ್ತನೆ ವಿರುದ್ಧದ ಆಕ್ರೋಶಕ್ಕೆ 2022ರ ಫೆಬ್ರುವರಿಯಲ್ಲಿ ಅಲ್ಲಿ ಟೋಯಿಂಗನ್ನೇ ತಡೆಹಿಡಿಯಬೇಕಾಯಿತು.

ಹೊರನಾಡಿನ ನಾವು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಪುಣೆ, ಹೈದರಾಬಾದ್, ಚೆನ್ನೈ ಎಲ್ಲ ಕಡೆ ಕನ್ನಡ ಸಂಘಗಳ ವಾಟ್ಸ್‌ಆ್ಯಪ್ ಗುಂಪುಗಳಿವೆ. ಹಬ್ಬದ ಶುಭಾಶಯಗಳ ನಡುವೆ, ಆಯಾ ಊರಿನ ಭಾಷೆಯಲ್ಲಿ ಒಂದು ಪುಟದ ದೂರಿನ ಮಾದರಿಯನ್ನೂ ಹಾಕಿಡೋಣ. ಮುಂದಿನ ಸಲ ಯಾರ್ಡಿನಲ್ಲಿ ನಿಂತ ಕನ್ನಡಿಗ ‘ಹೋಗ್ಲಿ ಬಿಡ್ರಿ’ ಎನ್ನುವ ಬದಲು ಅದನ್ನು ತುಂಬಿ ಸೀಲು ಹಾಕಿಸಿಕೊಳ್ಳಲಿ.