ಆ ರಾತ್ರಿ ಸುಮ್ಮನೆ ಕಳೆದಿದ್ದರೆ?

1986ರ ಏಪ್ರಿಲ್ 26ರ ನಸುಕಿನಲ್ಲಿ ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೆಯ ರಿಯಾಕ್ಟರ್ ಸ್ಫೋಟಿಸದೇ ಹೋಗಿದ್ದರೆ? ಅದು ಅಸಾಧ್ಯವೇನೂ ಆಗಿರಲಿಲ್ಲ. ಹಗಲಿನಲ್ಲಿ ನಡೆಯಬೇಕಿದ್ದ ಸುರಕ್ಷತಾ ಪರೀಕ್ಷೆಯು ಕೀವ್ ನಗರದ ವಿದ್ಯುತ್ ಬೇಡಿಕೆಯಿಂದಾಗಿ ಮುಂದಕ್ಕೆ ಹೋಗಿ, ಸಿದ್ಧತೆಯಿಲ್ಲದ ರಾತ್ರಿ ಪಾಳಿಯವರ ಪಾಲಿಗೆ ಬಂದಿತು. ಹಗಲಲ್ಲೇ ಮುಗಿದಿದ್ದರೆ ಪ್ರಿಪ್ಯಾತ್ ಪಟ್ಟಣದ ಸುಮಾರು 49,000 ಜನ ಬಹುಶಃ ಮನೆ ತೊರೆಯಬೇಕಾಗುತ್ತಿರಲಿಲ್ಲ.

ಆದರೆ ದೋಷ ಆ ಒಂದು ರಾತ್ರಿಯದಲ್ಲ. ರಿಯಾಕ್ಟರನ್ನು ನಿಲ್ಲಿಸಲೆಂದು ಇಳಿಸುವ ನಿಯಂತ್ರಣ ದಂಡಗಳಿಗೆ ಜೋಡಿಸಿದ್ದ ಗ್ರಾಫೈಟ್ ಭಾಗವು, ಕೆಲವು ಸನ್ನಿವೇಶಗಳಲ್ಲಿ ಅಣುಕ್ರಿಯೆಯನ್ನು ತಡೆಯುವ ಬದಲು ಕ್ಷಣಕಾಲ ಹೆಚ್ಚಿಸುತ್ತಿತ್ತು. 1983ರಲ್ಲೇ ಲಿಥುವೇನಿಯಾದ ಇಗ್ನಾಲಿನಾ ಸ್ಥಾವರದಲ್ಲಿ ಇದು ಕಂಡುಬಂದಿತ್ತು. ಆದರೂ ದಂಡಗಳ ವಿನ್ಯಾಸ ಬದಲಾದದ್ದು ದುರಂತದ ನಂತರವೇ. ಚೆರ್ನೋಬಿಲ್‌ನ ಆ ರಾತ್ರಿ ಸುಮ್ಮನೆ ಕಳೆದಿದ್ದರೂ, ಅದೇ ಮಾದರಿಯ ಇತರ ರಿಯಾಕ್ಟರ್‌ಗಳಲ್ಲಿ ಅದೇ ದಂಡಗಳು ಇನ್ನೊಂದು ಕೆಟ್ಟ ಗಳಿಗೆಗಾಗಿ ಕಾದಿರುತ್ತಿದ್ದವು.

ಕಂಡ ದೋಷವನ್ನು ಆಗಲೇ ಬಹಿರಂಗಪಡಿಸಿ ಸರಿಪಡಿಸಿದ್ದರೆ ಮಾತ್ರ ಅಂಥ ದುರಂತ ನಿಜವಾಗಿ ತಪ್ಪುತ್ತಿತ್ತು. ಯಾವುದೇ ದೇಶದ ಅಣುಸ್ಥಾವರವಾಗಲಿ, ಸುತ್ತಲಿನ ಜನ ಕೇಳಬೇಕಾದದ್ದು ಇದುವರೆಗೆ ಅಲ್ಲಿ ಅವಘಡವಾಗಿದೆಯೇ ಎಂದಷ್ಟೇ ಅಲ್ಲ. ತಿಳಿದೂ ತಿದ್ದದೆ ಉಳಿಸಿರುವುದು ಏನೇನು ಎಂದು.