ಅಂದಾಜಿನ ಪಕ್ಕದಲ್ಲಿ ಲೆಕ್ಕ

2009ರ ಸೆಪ್ಟೆಂಬರಿನಲ್ಲಿ, ಕೋಪನ್‌ಹೇಗನ್ ಹವಾಮಾನ ಸಮಾವೇಶಕ್ಕೆ ಮೂರು ತಿಂಗಳಿರುವಾಗ, ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಐದು ಅಧ್ಯಯನಗಳನ್ನು ಒಟ್ಟಿಗೆ ಬಿಡುಗಡೆ ಮಾಡಿದ್ದರು. 2031ರ ಹೊತ್ತಿಗೆ ಭಾರತ ವರ್ಷಕ್ಕೆ 400 ಕೋಟಿಯಿಂದ 730 ಕೋಟಿ ಟನ್ ಹಸಿರುಮನೆ ಅನಿಲ ಹೊರಸೂಸಬಹುದು ಎಂದು ಅವು ಹೇಳಿದ್ದವು. ಇಷ್ಟು ಅಗಲದ ಬಾಗಿಲಲ್ಲಿ ಆನೆಯೂ ನುಗ್ಗೀತು!

ಈಗ ಲೆಕ್ಕ ನೋಡೋಣ. ವಿಶ್ವಸಂಸ್ಥೆಗೆ ಭಾರತ ಸಲ್ಲಿಸಿದ ವರದಿಗಳ ಪ್ರಕಾರ, ಕಾಡು ಹೀರಿಕೊಳ್ಳುವ ಪಾಲನ್ನು ಕಳೆಯದೆ, 2016ರಲ್ಲಿ ಹೊರಬಿದ್ದದ್ದು ಸುಮಾರು 284 ಕೋಟಿ ಟನ್. 2019ರಲ್ಲಿ 313 ಕೋಟಿ. ಅದೇ ವೇಗದಲ್ಲಿ ಸಾಗಿದರೆ 2031ಕ್ಕೆ 460 ಕೋಟಿಯ ಆಸುಪಾಸು. ಅಂದರೆ 730 ಕೋಟಿಯ ಭಯ ಅತಿಯಾಗಿತ್ತು. 2020ರಲ್ಲಿ ಲೆಕ್ಕ 296 ಕೋಟಿಗೆ ಇಳಿಯಿತು, ನಿಜ. ಆದರೆ ಅದು ಲಾಕ್‌ಡೌನ್ ವರ್ಷ, ಬೆನ್ನು ತಟ್ಟಿಕೊಳ್ಳುವಂಥದ್ದೇನಲ್ಲ.

ಆ 2020ರ ಲೆಕ್ಕ ಸಲ್ಲಿಕೆಯಾದದ್ದು 2024ರ ಡಿಸೆಂಬರ್ ಕೊನೆಗೆ. ಹೊರಸೂಸುವಿಕೆಯ ಮುಕ್ಕಾಲು ಪಾಲು ಇಂಧನ ವಲಯದ್ದು. ಕಲ್ಲಿದ್ದಲು, ವಿದ್ಯುತ್ತಿನ ಅಂಕಿಗಳು ತಿಂಗಳು ತಿಂಗಳೂ ಸರ್ಕಾರದ ಕೈ ಸೇರುತ್ತವೆ. ಆ ಭಾಗದ ಲೆಕ್ಕವನ್ನಾದರೂ ಪ್ರತಿವರ್ಷ ಹಳೆಯ ಅಂದಾಜಿನ ಪಕ್ಕದಲ್ಲಿಟ್ಟು ಪ್ರಕಟಿಸಲು ಅಡ್ಡಿಯೇನು?